ಕಾರಿನಲ್ಲಿ ಸುಟ್ಟ ರಬ್ಬರಿನ ವಾಸನೆ: ಸುಟ್ಟದ್ದು ಯಾವುದು, ಅದನ್ನು ಸುಟ್ಟದ್ದು ಯಾವುದು

ರಬ್ಬರ್ ಸೀದ ವಾಸನೆ ಬಂತೆಂದು, ಎಂಜಿನ್ನಿನ ಬಲದಿಂದ ಎಸಿ ಕಂಪ್ರೆಸರ್ ಮುಂತಾದವನ್ನು ತಿರುಗಿಸುವ ಬೆಲ್ಟನ್ನು ಹೊಸದಾಗಿ ಹಾಕಿಸಿ, ತಿಂಗಳೊಳಗೆ ಅದೇ ವಾಸನೆಗೆ ಮತ್ತೆ ಗ್ಯಾರೇಜಿಗೆ ಬರುವ ಕಾರುಗಳು ಬಹಳ. ಬೆಲ್ಟ್ ಸುಟ್ಟಿದ್ದು ನಿಜ, ಆದರೆ ಅದು ತಾನಾಗಿಯೇ ಸುಡಲಿಲ್ಲ. ಅದರ ದಾರಿಯಲ್ಲಿದ್ದ ಯಾವುದೋ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಹಿಡಿದುಕೊಂಡಿತ್ತು, ಇಲ್ಲವೇ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿತ್ತು, ಇಲ್ಲವೇ ಮೇಲಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಬ್ರೇಕಿನಲ್ಲೂ ಹಾಗೆಯೇ. ಪ್ಯಾಡ್ ಸೀದಿದ್ದರೆ ತಪ್ಪು ಪ್ಯಾಡಿನದಲ್ಲ, ಅದನ್ನು ಡಿಸ್ಕಿನಿಂದ ಬಿಡಿಸಿಕೊಳ್ಳಲು ಬಿಡದ ಪಿನ್ನಿನದೋ ಪಿಸ್ಟನ್ನಿನದೋ. ಆದ್ದರಿಂದ ಹುಡುಕಾಟ ಯಾವಾಗಲೂ ಎರಡು ಹಂತದ್ದು: ಮೊದಲು ಸುಟ್ಟ ಭಾಗ, ಆಮೇಲೆ ಅದನ್ನು ಸುಟ್ಟ ಭಾಗ. ಎರಡನೆಯದು ಸಿಗುವವರೆಗೆ ರಿಪೇರಿ ಮುಗಿಯಲಿಲ್ಲ ಎಂದೇ ಲೆಕ್ಕ.

ಓಡುತ್ತಿರುವಾಗಲೇ ವಾಸನೆ ಬಂದರೆ

ಮೊದಲು ಡ್ಯಾಶ್‌ಬೋರ್ಡ್ ನೋಡಿ. ಬ್ಯಾಟರಿ ದೀಪ ಹತ್ತಿಕೊಂಡಿದ್ದರೆ, ಎಂಜಿನ್ ಬಿಸಿಯ ಮುಳ್ಳು ಏರುತ್ತಿದ್ದರೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾದರೆ ಬೆಲ್ಟ್ ಜಾರುತ್ತಿದೆ ಅಥವಾ ಹರಿದಿದೆ. ಬೆಲ್ಟಿನಿಂದಲೇ ವಾಟರ್ ಪಂಪ್ ತಿರುಗುವ ಎಂಜಿನ್ ಆದರೆ ಕೆಲವೇ ನಿಮಿಷಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲ್) ಹೋಗುವಷ್ಟು ಬಿಸಿಯಾಗುತ್ತದೆ. ಮುಂದಿನ ತಿರುವಿನವರೆಗೆ ಹೋಗೋಣ ಎನ್ನಬೇಡಿ, ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿ. ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದು ಅರ್ಥ. ಆಗ ಗೇರ್ ಇಳಿಸುತ್ತಾ ವೇಗ ತಗ್ಗಿಸಿ ನಿಲ್ಲಿಸಬೇಕು, ಕನಿಷ್ಠ ಅರ್ಧ ಗಂಟೆ ಆರಲು ಬಿಡಬೇಕು. ಕಾದ ಡಿಸ್ಕಿನ ಮೇಲೆ ನೀರು ಸುರಿಯಬೇಡಿ. ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಒಳಗೆ ಬೆಂಕಿ ಇದೆ ಎಂಬ ಅನುಮಾನವಿದ್ದರೆ ಬಾನೆಟ್ ಎತ್ತಲೇಬೇಡಿ. ಎತ್ತಿದ ಕ್ಷಣ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ಕೈಯಲ್ಲಿ ಒಣ ಪುಡಿಯ ಅಗ್ನಿಶಾಮಕ ಇದ್ದರೆ ಬಾನೆಟ್ ಲಾಚ್ ಬಿಟ್ಟಾಗ ಆಗುವ ಸಣ್ಣ ಸಂದಿಯಿಂದಲೇ ಒಳಗೆ ಹೊಡೆಯಬೇಕು.

ಮೂಗಿಗಿಂತ ಸಮಯ ಹೆಚ್ಚು ಹೇಳುತ್ತದೆ

ವಾಸನೆಯನ್ನು ಮಾತಿನಲ್ಲಿ ವಿವರಿಸುವುದು ಕಷ್ಟ, ಒಬ್ಬರಿಗೆ ರಬ್ಬರ್ ಅನ್ನಿಸಿದ್ದು ಇನ್ನೊಬ್ಬರಿಗೆ ಪ್ಲಾಸ್ಟಿಕ್. ಆದರೂ ಒಂದಿಷ್ಟು ಗುರುತು ಹಿಡಿಯಬಹುದು. ಬೆಲ್ಟಿನದು ನಿಜವಾದ ರಬ್ಬರ್ ವಾಸನೆ, ಟೈರ್ ಸವೆದ ಹಾಗೆ. ಕ್ಲಚ್ ಮತ್ತು ಬ್ರೇಕಿನದು ಸುಟ್ಟ ಕಾಗದ, ಸೀದ ಗೋಂದು ಬೆರೆತಂತೆ ಘಾಟು. ವೈರಿನ ಹೊದಿಕೆಯದು ಮೂಗಿಗೆ ಚುಚ್ಚುವ ವಾಸನೆ, ಕೆಲವು ಪ್ಲಾಸ್ಟಿಕ್ ಕನೆಕ್ಟರುಗಳದು ಮೀನಿನ ವಾಸನೆಯಂತೆಯೂ ಇರುತ್ತದೆ. ಎಂಜಿನ್ ಆಯಿಲಿನದು ಜಿಡ್ಡು ಹೊಗೆ, ಕೂಲೆಂಟಿನದು ಸಿಹಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಈ ಲೆಕ್ಕಕ್ಕೇ ಸೇರಿದ್ದಲ್ಲ. ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನೋ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೋ ನೋಡಬೇಕು.

ಇದಕ್ಕಿಂತ ನಂಬಬಹುದಾದ ಸುಳಿವು ವಾಸನೆ ಬಂದ ಹೊತ್ತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಬಂದು ಕಿರುಚಾಟದ ಜೊತೆ ನಿಂತರೆ ಬೆಲ್ಟ್. ಎಸಿ ಗುಂಡಿ ಒತ್ತಿದಾಗ ಮಾತ್ರ ಬಂದರೆ ಕಂಪ್ರೆಸರ್ ಕಡೆ. ಏರಿನಲ್ಲಿ, ರಿವರ್ಸಿನಲ್ಲಿ, ನಿಂತು ನಿಂತು ಸಾಗುವ ಸಾಲಿನಲ್ಲಿ ಬಂದರೆ ಕ್ಲಚ್. ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಇಳಿದಾಗ ಒಂದು ಚಕ್ರದ ಬಳಿ ಮಾತ್ರ ಬಂದರೆ ಬ್ರೇಕ್. ಸಿಗ್ನಲ್ಲಿನಲ್ಲಿ ನಿಂತಾಗ ಹೊಗೆಯ ಜೊತೆ ಬಂದು ಓಡುವಾಗ ಮಾಯವಾದರೆ ಬಿಸಿ ಎಕ್ಸಾಸ್ಟಿನ (ಹೊಗೆ ಕೊಳವೆಯ) ಮೇಲೆ ಏನೋ ತೊಟ್ಟಿಕ್ಕುತ್ತಿದೆ. ತಿರುವಿನಲ್ಲಿ, ಗುಂಡಿಯಲ್ಲಿ, ಕಾರು ತುಂಬ ಜನ ಕೂತಾಗ ಬಂದರೆ ಟೈರ್ ಎಲ್ಲೋ ಉಜ್ಜುತ್ತಿದೆ.

ಕೂತಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಹೆಚ್ಚಿನ ಕಾರುಗಳಲ್ಲಿ ಹೊರಗಿನ ಗಾಳಿ ಒಳಬರುವುದು ಮುಂದಿನ ಗಾಜಿನ ಬುಡದಿಂದ, ಅಂದರೆ ಎಂಜಿನ್ನಿನ ಬೆನ್ನ ಹಿಂದಿನಿಂದಲೇ. ಬ್ಲೋವರ್ ಹಾಕಿ ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ. ವಾಸನೆ ಕಡಿಮೆಯಾದರೆ ಮೂಲ ಬಾನೆಟ್ ಕೆಳಗೆ ಅಥವಾ ಚಕ್ರಗಳಲ್ಲಿ. ಹೆಚ್ಚಾದರೆ ಮೂಲ ಡ್ಯಾಶ್‌ಬೋರ್ಡ್ ಒಳಗೇ ಇದೆ. ನೇರವಾಗಿ ಕೊನೆಯಲ್ಲಿರುವ ವೈರಿಂಗ್ ಭಾಗಕ್ಕೆ ಹೋಗಿ.

ಬೆಲ್ಟ್

ಎಂಜಿನ್ ಆರಿಸಿ, ಕೀಲಿ ತೆಗೆದು ಟಾರ್ಚ್ ಹಿಡಿದು ನೋಡಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆರಿದ ಮೇಲೂ ಇದ್ದಕ್ಕಿದ್ದಂತೆ ತಿರುಗಬಹುದು, ಬೆರಳು ದೂರವಿರಲಿ. ಬೆಲ್ಟಿನ ಒಳಮೈಯ ಪಟ್ಟಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿ ಕಾದಿದೆ. ಪುಲ್ಲಿಗಳ ಸುತ್ತ ಕಪ್ಪು ಪುಡಿ ಅಂಟಿದ್ದರೆ ಪುಲ್ಲಿಗಳ ಸಾಲು ನೇರವಿಲ್ಲ. ಬೆಲ್ಟ್ ಒದ್ದೆಯಾಗಿ ಊದಿಕೊಂಡಂತಿದ್ದರೆ ಆಯಿಲ್ ಬಿದ್ದಿದೆ.

ಬಿರುಕು ಇಲ್ಲವಾದ್ದರಿಂದ ಬೆಲ್ಟ್ ಚೆನ್ನಾಗಿದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಹಳತಾದಂತೆ ಬಿರಿಯುತ್ತಿದ್ದವು. ಈಗಿನ ಇಪಿಡಿಎಂ ರಬ್ಬರ್ ಬಿರಿಯುವುದು ಅಪರೂಪ. ಅದು ಟೈರಿನಂತೆ ಸದ್ದಿಲ್ಲದೆ ಸವೆಯುತ್ತದೆ. ಪಟ್ಟಿಗಳ ನಡುವಿನ ಕಣಿವೆ ಅಗಲವಾಗಿ, ಪುಲ್ಲಿಯ ಏಣು ಕಣಿವೆಯ ತಳಕ್ಕೇ ತಾಗುತ್ತದೆ. ಪಕ್ಕಗಳ ಹಿಡಿತ ಹೋಗುತ್ತದೆ, ಜಾರಾಟ ಶುರು. ಇದನ್ನು ಅಳೆಯಲು ಬೆಲ್ಟ್ ಕಂಪನಿಗಳು ಸಣ್ಣ ಪ್ಲಾಸ್ಟಿಕ್ ಗೇಜ್ ಕೊಡುತ್ತವೆ. ಕಣಿವೆಯಲ್ಲಿಟ್ಟು ಒತ್ತಿದಾಗ ಅದು ಪಟ್ಟಿಗಳ ಮಟ್ಟಕ್ಕೆ ಇಳಿದರೆ ಬೆಲ್ಟ್ ಮುಗಿದಿದೆ.

ಕಿರುಚುವ ಬೆಲ್ಟಿಗೆ ನೀರಿನ ಪರೀಕ್ಷೆ ಒಳ್ಳೆಯದು. ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ, ತೋಳು ಮತ್ತು ಬಟ್ಟೆ ದೂರವಿಟ್ಟುಕೊಂಡು, ಪಟ್ಟಿಗಳಿರುವ ಮೈಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ನಿಂತು ಕೆಲವು ಕ್ಷಣಗಳಲ್ಲಿ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು. ಅಂಗಡಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇ ಮಾತ್ರ ಬೇಡ. ಅದು ಸದ್ದು ಮುಚ್ಚುತ್ತದೆ, ಧೂಳು ಹಿಡಿಯುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಈಗ ಅಪರಾಧಿಯ ಹುಡುಕಾಟ. ಬೆಲ್ಟ್ ತೆಗೆಯುವ ಮೊದಲು ಅದು ಸಾಗುವ ದಾರಿಯ ಫೋಟೋ ತೆಗೆದುಕೊಳ್ಳಿ. ಆಟೋಮ್ಯಾಟಿಕ್ ಟೆನ್ಷನರ್ ಆದರೆ ಉದ್ದ ಹಿಡಿಯ ಪಾನಾ ಹಾಕಿ ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿ ಬೆಲ್ಟ್ ಜಾರಿಸಿ, ಆಮೇಲೆ ನಿಧಾನವಾಗಿ ವಾಪಸ್ ಬಿಡಿ. ಫಟ್ಟನೆ ಬಿಟ್ಟರೆ ಟೆನ್ಷನರ್ ಹಾಳು, ಬೆರಳೂ ಹಾಳು. ಕೆಲವು ಕಾರುಗಳಲ್ಲಿ ಟೆನ್ಷನರೇ ಇರುವುದಿಲ್ಲ, ಬೆಲ್ಟೇ ಹಿಗ್ಗುವ ಜಾತಿಯದು. ಅದನ್ನು ಕತ್ತರಿಸಿ ತೆಗೆದು ಹೊಸದನ್ನು ಅದಕ್ಕೆಂದೇ ಇರುವ ಉಪಕರಣದಿಂದ ಏರಿಸಬೇಕು, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ದಾರ ಹರಿಯುತ್ತದೆ.

ಬೆಲ್ಟ್ ಹೊರಬಂದ ಮೇಲೆ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ. ಈ ಐದು ನಿಮಿಷದ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಮೆತ್ತಗೆ ತಿರುಗಿ ನಿಲ್ಲಬೇಕು. ಮರಳು ತುಂಬಿದಂತೆ ಗರಗರ ಎಂದರೆ, ಅಥವಾ ಗ್ರೀಸೇ ಇಲ್ಲದಂತೆ ಬಹಳ ಹೊತ್ತು ಬಿರುಸಾಗಿ ಸುತ್ತಿದರೆ, ಬೇರಿಂಗ್ ಮುಗಿದಿದೆ. ವಾಟರ್ ಪಂಪ್ ಪುಲ್ಲಿ ಹಿಂದೆ ಮುಂದೆ ಅಲ್ಲಾಡಬಾರದು; ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ ಒಣಗಿದ ಕೂಲೆಂಟ್ ಕಲೆ ಇದ್ದರೆ ಸೀಲ್ ಹೋಗಿದೆ. ಎಸಿ ಕಂಪ್ರೆಸರಿನಲ್ಲಿ ಎರಡು ಭಾಗ ಬೇರೆ ಬೇರೆ ನೋಡಬೇಕು. ಹೊರಗಿನ ಪುಲ್ಲಿ ಸರಾಗವಾಗಿ ತಿರುಗದಿದ್ದರೆ ಪುಲ್ಲಿಯ ಬೇರಿಂಗ್ ಹಿಡಿದಿದೆ, ಎಸಿ ಹಾಕದಿದ್ದರೂ ಬೆಲ್ಟ್ ಸುಡುತ್ತದೆ. ಹೊರಗಿನದು ತಿರುಗಿ ನಡುವಿನ ತಟ್ಟೆ ಕೈಯಲ್ಲಿ ತಿರುಗದೆ ಕಲ್ಲಿನಂತೆ ನಿಂತರೆ ಕಂಪ್ರೆಸರೇ ಜಾಮ್ ಆಗಿದೆ. ಆಗ ಎಸಿ ಹಾಕಿದಾಗ ಮಾತ್ರ ವಾಸನೆ. ಪುಲ್ಲಿ ಬೇರಿಂಗ್ ಮಾತ್ರ ಹೋಗಿದ್ದರೆ ಹೆಚ್ಚಿನ ಕಂಪ್ರೆಸರುಗಳಲ್ಲಿ ಗ್ಯಾಸ್ ಖಾಲಿ ಮಾಡದೆಯೇ ಅದನ್ನು ಬದಲಿಸಬಹುದು, ಇಡೀ ಕಂಪ್ರೆಸರ್ ಬದಲಿಸಲು ಒಪ್ಪುವ ಮೊದಲು ಇದನ್ನು ಕೇಳಿ.

ಎಂಜಿನ್ ಶಾಫ್ಟಿನ ತುದಿಯಲ್ಲಿದ್ದು ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಬಹಳ ಮಂದಿ ನೋಡುವುದೇ ಇಲ್ಲ. ಹೆಚ್ಚಿನ ಎಂಜಿನ್ನುಗಳಲ್ಲಿ ಅದು ಒಂದೇ ತುಂಡು ಲೋಹವಲ್ಲ. ನಡುವಿನ ಗುಂಬಕ್ಕೂ (ಹಬ್) ಹೊರಗಿನ ಬಳೆಗೂ ಮಧ್ಯೆ ಕಂಪನ ಹೀರುವ ರಬ್ಬರ್ ಉಂಗುರ ಇರುತ್ತದೆ. ಆ ರಬ್ಬರ್ ಬಿಟ್ಟುಕೊಂಡರೆ ಗುಂಬ ಒಂದು ವೇಗದಲ್ಲಿ, ಬಳೆ ಇನ್ನೊಂದು ವೇಗದಲ್ಲಿ ಸುತ್ತುತ್ತದೆ. ಎರಡರ ಉಜ್ಜಾಟಕ್ಕೆ ರಬ್ಬರ್ ಸೀಯುತ್ತದೆ, ಬೆಲ್ಟ್ ಮಾತ್ರ ಹೊಸದರಂತಿರುತ್ತದೆ! ಪತ್ತೆ ಸುಲಭ. ಬಿಳಿ ಬಣ್ಣದಿಂದ ಗುಂಬದಿಂದ ಬಳೆಯವರೆಗೆ ಒಂದೇ ನೇರ ಗೆರೆ ಎಳೆಯಿರಿ. ಸ್ವಲ್ಪ ದೂರ ಓಡಿಸಿ ಬಂದು ನೋಡಿ. ಗೆರೆ ಮುರಿದು ಎರಡು ಕಡೆ ಸರಿದಿದ್ದರೆ ಪುಲ್ಲಿ ಬದಲಿಸಬೇಕು.

ಹೊಸ ಬೆಲ್ಟ್ ತರುವಾಗ ಹಳೆಯದರ ಬೆನ್ನ ಮೇಲಿನ ಸಂಖ್ಯೆ ಓದಿಕೊಳ್ಳಿ. 6ಪಿಕೆ1070 ಎಂದರೆ ಆರು ಪಟ್ಟಿ, ಪಿಕೆ ಆಕಾರ, 1070 ಮಿಮೀ ಉದ್ದ. ಹತ್ತು ಮಿಮೀ ಹೆಚ್ಚು ಉದ್ದದ್ದು ಹಾಕಿದರೂ ಟೆನ್ಷನರ್ ತನ್ನ ಮಿತಿಯ ಹತ್ತಿರ ಹೋಗಬಹುದು. ಕೂರಿಸಿದ ಮೇಲೆ ಎಲ್ಲ ಪುಲ್ಲಿಗಳಲ್ಲೂ ಪಟ್ಟಿಗಳು ಸರಿಯಾದ ಕಣಿವೆಯಲ್ಲಿವೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಪಟ್ಟಿ ಆಚೆ ಬಿದ್ದರೂ ಅದು ದಿನಗಳಲ್ಲಿ ಚಿಂದಿಯಾಗುತ್ತದೆ. ಬೋಲ್ಟ್ ಸಡಿಲಿಸಿ ಕೈಯಿಂದ ಬಿಗಿ ಮಾಡುವ ಹಳೆಯ ಮಾದರಿಯಲ್ಲಿ, ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಮೀ ಒಳಗೆ ಹೋಗುವುದು ಸಾಮಾನ್ಯ ಅಂದಾಜು. ನಿಮ್ಮ ಕಾರಿನ ಕೈಪಿಡಿಯ ಅಳತೆಯೇ ಅಂತಿಮ. ಜಾರದಿರಲಿ ಎಂದು ಅತಿಯಾಗಿ ಬಿಗಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮತ್ತು ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ.

ಬ್ರೇಕ್

ಬ್ರೇಕ್ ಬಿಡದೆ ಹಿಡಿದುಕೊಂಡ ಚಕ್ರವನ್ನು ಗುರುತಿಸಲು ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಒತ್ತದೆ, ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ನಾಲ್ಕೂ ಚಕ್ರದ ಬಳಿ ಬಗ್ಗಿ ಮೂಸಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಂದೇ ಆಕ್ಸಲಿನ ಎಡ ಬಲ ಡಿಸ್ಕುಗಳ ಬಿಸಿ ಹೋಲಿಸಿ. ಮುಂದಿನವು ಹಿಂದಿನವುಗಳಿಗಿಂತ ಬಿಸಿ ಇರುವುದು ಸಹಜ, ಆದರೆ ಎಡ ಬಲಗಳ ನಡುವೆ 30 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಬಿಸಿಯಾಗಿರುವುದನ್ನು ಬಿಚ್ಚಿ ನೋಡಲೇಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯ ಹಿಂಭಾಗವನ್ನು ಚಕ್ರದ ಹತ್ತಿರ ತನ್ನಿ, ಮುಟ್ಟಬೇಡಿ. ಕಾರು ಒಂದು ಕಡೆ ಎಳೆಯುವುದು, ಸಣ್ಣ ಇಳಿಜಾರಿನಲ್ಲೂ ಉರುಳದಿರುವುದು, ಒಂದೇ ರಿಮ್ ಮೇಲೆ ಕಪ್ಪು ಪುಡಿ ದಟ್ಟವಾಗಿರುವುದು ಕೂಡ ಇದೇ ಕಾಯಿಲೆಯ ಲಕ್ಷಣ.

ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಪ್ಯಾಡ್ ಲಘುವಾಗಿ ಸವರುವ ಸದ್ದು ಇರಲಿ, ಬಿಗಿ ಇರಬಾರದು. ಯಾರಾದರೂ ಒಮ್ಮೆ ಪೆಡಲ್ ಒತ್ತಿ ಬಿಟ್ಟ ಮೇಲೆ ಮತ್ತೆ ತಿರುಗಿಸಿ. ಹಿಡಿದೇ ಇದ್ದರೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ಲಿಗೆ (ಆಯಿಲ್ ಹೊರಬಿಡುವ ತಿರುಪು) ಪೈಪ್ ಸಿಕ್ಕಿಸಿ ಸ್ವಲ್ಪವೇ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು: ಕ್ಯಾಲಿಪರ್ ಸರಿ ಇದೆ, ತಪ್ಪು ಆಯಿಲ್ ಸಾಗುವ ರಬ್ಬರ್ ಹೋಸಿನದು ಅಥವಾ ಪೆಡಲಿನ ಬಲದಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನದು. ಆಯಿಲ್ ಸುಮ್ಮನೆ ಒಸರಿ ಚಕ್ರ ಹಿಡಿದೇ ಇದ್ದರೆ ಪಿನ್ ಅಥವಾ ಪಿಸ್ಟನ್ ಹಿಡಿದಿದೆ. ಈ ಒಂದು ಪರೀಕ್ಷೆ ಬೇಡದ ಕ್ಯಾಲಿಪರ್ ಖರ್ಚನ್ನು ಎಷ್ಟೋ ಸಲ ತಪ್ಪಿಸುತ್ತದೆ.

ಹೋಸಿನ ಕಥೆ ವಿಚಿತ್ರ. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಪದರ ಮಾತ್ರ ಕಿತ್ತು ಒಮ್ಮುಖ ಬಾಗಿಲಿನಂತೆ ಕೂರುತ್ತದೆ. ಪೆಡಲಿನ ಬಲ ಆಯಿಲನ್ನು ಆಚೆ ತಳ್ಳುತ್ತದೆ, ಅದು ಮರಳಲು ಬಲ ಸಾಲುವುದಿಲ್ಲ. ಒಂದು ಕಡೆ ಹೀಗಾಗಿದ್ದರೆ ಅದೇ ವಯಸ್ಸಿನ ಇನ್ನೊಂದು ಕಡೆಯದನ್ನೂ ಬದಲಿಸುವುದೇ ಸರಿ.

ಕ್ಯಾಲಿಪರ್ ಸರಿಯುವ ಸ್ಲೈಡ್ ಪಿನ್ ಹಿಡಿದಿದ್ದರೆ ಹೊರತೆಗೆದು ತುಕ್ಕು ಒರೆಸಿ. ಮೈಯಲ್ಲಿ ಗುಳಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಹಾಕಿದರೆ ಪಿನ್ನಿನ ರಬ್ಬರ್ ಊದಿಕೊಂಡು ಇನ್ನೂ ಬಿಗಿಯಾಗಿ ಹಿಡಿಯುತ್ತದೆ; ರಿಪೇರಿ ಮಾಡಿಸಿದ ಬ್ರೇಕ್ ಮತ್ತೆ ಕಾಯಲು ಇದೂ ಒಂದು ಕಾರಣ. ಪಿಸ್ಟನ್ ಸಿ-ಕ್ಲಾಂಪಿಗೆ ನಿಧಾನವಾಗಿ, ಒಂದೇ ಸಮನಾಗಿ ಒಳಹೋಗಬೇಕು. ಹಿಂದಿನ ಡಿಸ್ಕಿನಲ್ಲಿ ಹ್ಯಾಂಡ್‌ಬ್ರೇಕ್ ಸೇರಿದ ಪಿಸ್ಟನ್ನನ್ನು ಒತ್ತಬಾರದು, ತಿರುಗಿಸುತ್ತಾ ಒಳಕಳಿಸಬೇಕು. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಆದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಪಿಸ್ಟನ್ ಮೈಗೆ ತುಕ್ಕು ಹಿಡಿದಿದ್ದರೆ ಸೀಲ್ ಕಿಟ್ ಮಾತ್ರ ಹಾಕಿ ಪ್ರಯೋಜನವಿಲ್ಲ, ಪಿಸ್ಟನ್ ಅಥವಾ ಕ್ಯಾಲಿಪರ್ ಬದಲಿಸಬೇಕು.

ಒಮ್ಮೆ ಸೀದ ಪ್ಯಾಡುಗಳನ್ನು ಉಳಿಸಿಕೊಳ್ಳಬೇಡಿ, ಎರಡೂ ಕಡೆಯವನ್ನು ಒಟ್ಟಿಗೆ ಬದಲಿಸಿ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಕೆತ್ತಿರುತ್ತದೆ, ಅದಕ್ಕಿಂತ ಸವೆದಿದ್ದರೆ ಅಥವಾ ಮೇಲ್ಮೈ ಬಿರಿದಿದ್ದರೆ ಅದೂ ಹೋಗಲಿ. ಆಯಿಲನ್ನೂ ಬದಲಿಸಿ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಮಟ್ಟಕ್ಕೆ ಇಳಿಯಬಹುದು. ಹೊಸ ಪ್ಯಾಡ್ ಹಾಕಿದ ಮೊದಲ ಒಂದೆರಡು ದಿನ ಸ್ವಲ್ಪ ಘಾಟು ಬಂದರೆ ಹೆದರಬೇಡಿ, ಅದು ಪ್ಯಾಡಿನ ರಾಳ ಕಾದು ಹೊರಬರುವ ವಾಸನೆ. ಅದು ಎಡ ಬಲ ಎರಡೂ ಕಡೆ ಸಮನಾಗಿರಬೇಕು.

ಹಿಂದಿನ ಚಕ್ರಗಳು ಮಾತ್ರ ಕಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ತುಕ್ಕು ಹಿಡಿದ ಕೇಬಲ್ ಎಳೆದಾಗ ಹೋಗುತ್ತದೆ, ಬಿಟ್ಟಾಗ ಮರಳುವುದಿಲ್ಲ.

ಕ್ಲಚ್

ಏರಿನಲ್ಲಿ ರಿವರ್ಸ್ ತೆಗೆದಾಗ ಒಮ್ಮೆ ವಾಸನೆ ಬಂದು ಕೆಲವು ನಿಮಿಷಗಳಲ್ಲಿ ಹೋದರೆ ಕ್ಲಚ್ ಕೆಟ್ಟಿಲ್ಲ, ಕಾದಿದೆ ಅಷ್ಟೇ. ಹಾಫ್ ಕ್ಲಚ್ಚಿನಲ್ಲಿ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸ ಬಿಟ್ಟು ಹ್ಯಾಂಡ್‌ಬ್ರೇಕ್ ಬಳಸಿದರೆ ಸಾಕು. ದಿನವೂ ಬರುತ್ತಿದ್ದರೆ ಪರೀಕ್ಷಿಸಿ: ಖಾಲಿ ನೇರ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಒಂದೆರಡು ಸಲಕ್ಕಿಂತ ಹೆಚ್ಚು ಬೇಡ, ಈ ಪರೀಕ್ಷೆಯೇ ಕ್ಲಚ್ಚನ್ನು ಸುಡುತ್ತದೆ.

ಇಲ್ಲೂ ಪ್ಲೇಟ್ ಬದಲಿಸಿ ಸುಮ್ಮನಾಗುವ ಹಾಗಿಲ್ಲ. ಕೇಬಲ್ ಕ್ಲಚ್ಚಿನಲ್ಲಿ ಪೆಡಲಿನ ಸಡಿಲ ಪೂರ್ತಿ ಮುಗಿದಿದ್ದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡಿರುತ್ತದೆ, ಹೊಸ ಪ್ಲೇಟೂ ಜಾರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಒಳಗೆ ಆಯಿಲ್ ಹಸಿ ಕಂಡರೆ ಕ್ರ್ಯಾಂಕಿನ ಹಿಂದಿನ ಸೀಲನ್ನೋ ಗೇರ್‌ಬಾಕ್ಸ್ ಶಾಫ್ಟಿನ ಸೀಲನ್ನೋ ಆಗಲೇ ಬದಲಿಸಬೇಕು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಇದೆಯೇ ಎಂದು ನೀವೇ ಇಣುಕಿ ನೋಡಿ.

ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದದ್ದು

ಎಂಜಿನ್ ಆಯಿಲಿನ ಆವಿ ಕಿಡಿ ತಾಗಿ ಹತ್ತಿಕೊಳ್ಳಲು 200 ಡಿಗ್ರಿ ದಾಟಿದ ಬಿಸಿ ಸಾಕು. ಭಾರ ಎಳೆಯುವ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಸಾಮಾನ್ಯವಾಗಿ ಸೋರುವುದು ವಾಲ್ವ್ ಕವರ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ ಸೀಲ್. ಸೋರಿದ ಆಯಿಲ್ ಕೆಳಕ್ಕೂ ಹಿಂದಕ್ಕೂ ಹರಿಯುವುದರಿಂದ ಹಸಿಯಾಗಿರುವ ಅತ್ಯಂತ ಮೇಲಿನ ಜಾಗವೇ ಮೂಲ. ಡಿಗ್ರೀಸರಿನಿಂದ ತೊಳೆದು ಒಂದು ದಿನ ಓಡಿಸಿ ಮತ್ತೆ ನೋಡಿದರೆ ಅದು ಸ್ಪಷ್ಟವಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕುವಾಗ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಹಗುರವಾಗಿ, ಕೈಪಿಡಿ ಹೇಳುವ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿಯಿರಿ. ಹೆಚ್ಚು ಬಿಗಿದರೆ ಗ್ಯಾಸ್ಕೆಟ್ ನಜ್ಜಿ ಮತ್ತೆ ಸೋರುತ್ತದೆ.

ರಬ್ಬರ್ ವಾಸನೆ ಎಂದು ಮೋಸ ಮಾಡುವ ಇನ್ನೊಂದು, ಹರಿದ ಸಿವಿ ಜಾಯಿಂಟ್ ಬೂಟ್, ಅಂದರೆ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಜಾಯಿಂಟಿಗೆ ಹಾಕಿದ ರಬ್ಬರ್ ಹೊದಿಕೆ. ಒಳಗಿನ ಕಪ್ಪು ಗ್ರೀಸ್ ತಿರುಗುವ ರಭಸಕ್ಕೆ ಹಾರಿ ಎಕ್ಸಾಸ್ಟ್ ಪೈಪಿಗೆ ಬಡಿಯುತ್ತದೆ. ಚಕ್ರದ ಒಳಬದಿಯಲ್ಲಿ ವೃತ್ತಾಕಾರದ ಗ್ರೀಸ್ ಚಿಮ್ಮಿದ ಗುರುತು ಕಂಡರೆ ತಡಮಾಡದೆ ಬೂಟ್ ಹಾಕಿಸಿ. ತಿರುವಿನಲ್ಲಿ ಟಕಟಕ ಸದ್ದು ಶುರುವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ.

ರಸ್ತೆಯಲ್ಲಿ ಹಾರುವ ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ಅಂಟಿ ಕರಗಿದ್ದರೆ ಪೈಪ್ ಪೂರ್ತಿ ಆರಿದ ಮೇಲೆ ಮರದ ತುಂಡಿನಿಂದ ಕೆರೆದು ತೆಗೆಯಿರಿ. ಸರ್ವಿಸಿನಲ್ಲಿ ಮರೆತ ಒರೆಸುವ ಬಟ್ಟೆ, ಇಲಿ ಕಟ್ಟಿದ ಗೂಡು ಕೂಡ ಹೀಗೇ ಸಿಗುತ್ತವೆ. ಡೀಸೆಲ್ ಕಾರಿನಲ್ಲಿ ಹೊಗೆ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿಯಷ್ಟು ಬಿಸಿ ಇರುತ್ತದೆ. ಐಡಲ್ ಸ್ವಲ್ಪ ಏರಿ, ಫ್ಯಾನ್ ಜೋರಾಗಿ ಓಡಿ, ಕಾದ ವಾಸನೆ ಬಂದು ತಾನಾಗಿ ನಿಂತರೆ ಅದು ದೋಷವಲ್ಲ. ಒಣ ಹುಲ್ಲಿನ ಮೇಲೆ ಮಾತ್ರ ಆಗ ಕಾರು ನಿಲ್ಲಿಸಬೇಡಿ.

ಟೈರ್ ಉಜ್ಜಾಟಕ್ಕೆ ಹೆಚ್ಚು ಹೇಳಬೇಕಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮಡ್‌ಗಾರ್ಡಿನ ಒಳಮೈ ನೋಡಿ, ಉಜ್ಜಿದ ಜಾಗ ನಯವಾಗಿ ಹೊಳೆಯುತ್ತಿರುತ್ತದೆ. ಅಳತೆ ಮೀರಿದ ಟೈರ್, ಮುರಿದ ಸ್ಪ್ರಿಂಗ್, ಕ್ಲಿಪ್ ಕಿತ್ತು ಜೋತುಬಿದ್ದ ಪ್ಲಾಸ್ಟಿಕ್ ಲೈನರ್ ಇವುಗಳಲ್ಲೊಂದು ಕಾರಣ.

ವೈರಿಂಗ್

ಇದೊಂದರಲ್ಲಿ ನೋಡೋಣ ಎಂದು ಕಾಯುವಂತಿಲ್ಲ. ವಾಸನೆ ಡ್ಯಾಶ್‌ಬೋರ್ಡಿನಿಂದ ಬರುತ್ತಿದೆ ಎಂದು ಖಚಿತವಾದರೆ ಕಾರು ನಿಲ್ಲಿಸಿ, ಎಲ್ಲವನ್ನೂ ಆರಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ. ಹೆಚ್ಚಿನ ಕಾರುಗಳಲ್ಲಿ 10 ಮಿಮೀ ಸ್ಪ್ಯಾನರ್ ಸಾಕು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮಾತ್ರ ಮುಟ್ಟಲೇಬೇಡಿ.

ಹೆಚ್ಚಾಗಿ ಸುಡುವುದು ಬ್ಲೋವರಿನ ವೇಗ ತಗ್ಗಿಸುವ ರೆಸಿಸ್ಟರ್ ಮತ್ತು ಅದರ ಕನೆಕ್ಟರ್. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ರೆಸಿಸ್ಟರ್ ಹೋಗಿದೆ. ಹೊಸ ರೆಸಿಸ್ಟರೂ ಸುಟ್ಟರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿದೆ, ಇಲ್ಲವೇ ರೆಸಿಸ್ಟರನ್ನು ಆರಿಸುವಷ್ಟು ಗಾಳಿ ಬರುತ್ತಿಲ್ಲ. ಒಣ ಎಲೆ ಸಿಕ್ಕಿದ ಫ್ಯಾನ್, ಬುಷ್ ಸವೆದ ಮೋಟರ್, ಕಟ್ಟಿಕೊಂಡ ಕ್ಯಾಬಿನ್ ಫಿಲ್ಟರ್ ನೋಡಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ 10 ಆಂಪಿಯರ್ ಜಾಗಕ್ಕೆ 20ರದ್ದು ಹಾಕಬೇಡಿ. ಫ್ಯೂಸ್ ಉಳಿಯುತ್ತದೆ, ಒಳಗಿನ ವೈರೇ ಫ್ಯೂಸಿನಂತೆ ಸುಡುತ್ತದೆ. ಆಮೇಲೆ ಜೋಡಿಸಿದ ಹಾರ್ನ್, ದೀಪ, ಮ್ಯೂಸಿಕ್ ಸಿಸ್ಟಮ್‌ಗಳ ಟೇಪ್ ಸುತ್ತಿದ ಜೋಡಣೆಗಳನ್ನು ಮೊದಲು ಹುಡುಕಿ. ಸಡಿಲ ಜೋಡಣೆ ಕಾಯುತ್ತದೆ, ಕಾದರೆ ಇನ್ನೂ ಸಡಿಲವಾಗುತ್ತದೆ. ಸುಟ್ಟ ಕನೆಕ್ಟರಿನೊಳಗೆ ಹೊಸ ಪಿನ್ ತೂರಿಸದೆ, ಎರಡೂ ಬದಿಯ ಕನೆಕ್ಟರನ್ನು ವೈರಿನ ಬಣ್ಣ ಮಾಸದ ಭಾಗದವರೆಗೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ.

ಯಾವ ರಿಪೇರಿಯೇ ಆದರೂ ಮುಗಿದ ಮೇಲೆ ಪುಲ್ಲಿ, ಪೈಪ್, ರಿಮ್ಮಿಗೆ ಅಂಟಿದ ಹಳೆಯ ರಬ್ಬರ್ ಪುಡಿ ಮತ್ತು ಆಯಿಲನ್ನು ತೊಳೆಸಿ, ಕ್ಯಾಬಿನ್ ಫಿಲ್ಟರ್ ಬದಲಿಸಿ. ಇಲ್ಲದಿದ್ದರೆ ಹಳೆಯ ವಾಸನೆ ಉಳಿದು, ರಿಪೇರಿ ಆಯಿತೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಚಕ್ರ ಬಿಚ್ಚಿದ್ದರೆ ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿಯಿರಿ, ಬೆಲ್ಟ್ ಹಾಕಿದ್ದರೆ ಅದೇ ದಿನ ಟೆನ್ಷನರಿನ ಗುರುತು ಎರಡು ಗೆರೆಗಳ ನಡುವೆಯೇ ಇದೆಯೇ ಎಂದು ನೋಡಿ.